ಯೂನಿಟ್‌ಗೆ 9 ಡಾಲರ್: ಟೆಕ್ಸಸ್‌ನ 29,000 ಮನೆಗಳ ಪ್ರಕರಣ

ಬೆಂಗಳೂರಿನ ಮನೆಯಲ್ಲಿ 2 ಕಿಲೋವ್ಯಾಟ್‌ನ ಗೀಸರನ್ನು ಅರ್ಧ ಗಂಟೆ ಹಾಕಿದರೆ ಒಂದು ಯೂನಿಟ್ ಕರೆಂಟು ಖರ್ಚಾಗುತ್ತದೆ. ಒಬ್ಬರ ಸ್ನಾನಕ್ಕೆ ಧಾರಾಳ ನೀರು ಕಾಯುತ್ತದೆ. ಆ ಒಂದು ಯೂನಿಟ್‌ಗೆ 650 ರೂಪಾಯಿ ಕೊಡಿ ಎಂದರೆ ಯಾರೂ ನಂಬುವುದಿಲ್ಲ. 2021ರ ಫೆಬ್ರವರಿ 15ರಿಂದ ಸುಮಾರು ನಾಲ್ಕು ದಿನ ಅಮೆರಿಕದ ಟೆಕ್ಸಸ್ ರಾಜ್ಯದ ಸಗಟು ಮಾರುಕಟ್ಟೆಯಲ್ಲಿ ಕರೆಂಟಿನ ಬೆಲೆ ಅಷ್ಟಿತ್ತು. ಯೂನಿಟ್‌ಗೆ 9 ಡಾಲರ್. ಆ ಬೆಲೆಯನ್ನು ಹೆಚ್ಚಿನ ಮನೆಗಳು ನೇರವಾಗಿ ಕಟ್ಟಬೇಕಾಗಿರಲಿಲ್ಲ. ಆದರೆ ಗ್ರಿಡ್ಡಿ ಎಂಬ ಕಂಪನಿಯ ಸುಮಾರು 29,000 ಗ್ರಾಹಕರು ಕಟ್ಟಬೇಕಾಗಿತ್ತು, ಏಕೆಂದರೆ ಅವರ ಸ್ಮಾರ್ಟ್ ಮೀಟರು ಸಗಟು ಬೆಲೆಯನ್ನು ಇದ್ದದ್ದು ಇದ್ದಂತೆ ಮನೆಯೊಳಕ್ಕೆ ತರುತ್ತಿತ್ತು.

ನಮ್ಮಲ್ಲಿಯೂ ಈಗ ಸ್ಮಾರ್ಟ್ ಮೀಟರಿನ ಮಾತು ಜೋರಾಗಿದೆ. ಪರ ವಹಿಸುವವರು ಟೆಕ್ಸಸ್ಸಿನ ಕತೆಯನ್ನು ಹೇಳುವುದಿಲ್ಲ. ವಿರೋಧಿಸುವವರು ಅದನ್ನು ಬೆದರುಬೊಂಬೆಯಂತೆ ನಿಲ್ಲಿಸುತ್ತಾರೆ. ಅಲ್ಲಿ ನಿಜವಾಗಿ ಕೆಟ್ಟದ್ದು ಯಾವುದು ಎಂದು ಬಿಡಿಸಿ ನೋಡಿದರೆ ಮಾತ್ರ ನಮಗೆ ಉಪಯೋಗ, ಅದಕ್ಕಾಗಿ ಈ ಬರಹ.

ಮೀಟರು ಮಾಡುವ ಕೆಲಸ

ಹಳೆಯ ಮೀಟರು ತಿಂಗಳಿಗೊಂದು ಸಂಖ್ಯೆ ಕೊಡುತ್ತದೆ. ಹಿಂದಿನ ರೀಡಿಂಗ್ ಕಳೆದರೆ ಇಷ್ಟು ಯೂನಿಟ್ ಎಂದು ತಿಳಿಯುತ್ತದೆ, ಅಷ್ಟೇ. ಅದರಲ್ಲಿ ಎಷ್ಟು ಯೂನಿಟ್ ರಾತ್ರಿ ಎರಡು ಗಂಟೆಗೆ ಉರಿಯಿತು, ಎಷ್ಟು ಸಂಜೆ ಏಳಕ್ಕೆ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ಟೆಕ್ಸಸ್ಸಿನ ಸ್ಮಾರ್ಟ್ ಮೀಟರು 15 ನಿಮಿಷಕ್ಕೊಮ್ಮೆ ಲೆಕ್ಕ ಬರೆಯುತ್ತದೆ. ದಿನಕ್ಕೆ 96 ಸಂಖ್ಯೆ, 30 ದಿನದ ತಿಂಗಳಿಗೆ 2,880. ಅಲ್ಲಿನ ವಿದ್ಯುತ್ ಜಾಲವನ್ನು, ಅಂದರೆ ಗ್ರಿಡ್ಡನ್ನು, ನಡೆಸುವ ಎರ್ಕಾಟ್ ಸಂಸ್ಥೆ ಸಗಟು ಖರೀದಿಯ ಲೆಕ್ಕವನ್ನೂ ಅದೇ 15 ನಿಮಿಷದ ತುಂಡುಗಳಲ್ಲಿ ಚುಕ್ತಾ ಮಾಡುತ್ತದೆ. ಹೀಗೆ ಎರಡು ಕಡೆಯ ಗಡಿಯಾರ ಹೊಂದಿಕೊಂಡ ಮೇಲೆ ಮನೆಗೂ ಮಾರುಕಟ್ಟೆಗೂ ನಡುವೆ ಗೋಡೆ ಬೇಕಾಗುವುದಿಲ್ಲ.

ಗ್ರಿಡ್ಡಿ 2017ರಲ್ಲಿ ಮಾಡಿದ್ದು ಆ ಗೋಡೆ ತೆಗೆಯುವ ಕೆಲಸ. ಟೆಕ್ಸಸ್ಸಿನಲ್ಲಿ 2002ರಿಂದಲೇ ಬಹುಪಾಲು ಊರುಗಳಲ್ಲಿ ಗ್ರಾಹಕರು ತಮಗೆ ಬೇಕಾದ ಕಂಪನಿಯಿಂದ ಕರೆಂಟು ಕೊಳ್ಳಬಹುದು. ಬೇರೆ ಕಂಪನಿಗಳು ಯೂನಿಟ್‌ಗೆ ಇಷ್ಟು ಸೆಂಟ್ ಎಂದು ವರ್ಷಕ್ಕೋ ಎರಡು ವರ್ಷಕ್ಕೋ ದರ ಗೊತ್ತು ಮಾಡುತ್ತಿದ್ದವು. ಗ್ರಿಡ್ಡಿ ತಿಂಗಳಿಗೆ 9.99 ಡಾಲರ್ ಸದಸ್ಯತ್ವ ಶುಲ್ಕ ತೆಗೆದುಕೊಂಡು, ಕರೆಂಟನ್ನು ಸಗಟು ಬೆಲೆಗೇ ಕೊಡುತ್ತೇನೆ ಎಂದಿತು. ಫೋನಿನಲ್ಲಿ ಆ್ಯಪ್, ಆ್ಯಪ್‌ನಲ್ಲಿ ಈ ಕ್ಷಣದ ಬೆಲೆ, ಬೆಲೆ ಏರುವಂತಿದ್ದರೆ ಮುನ್ಸೂಚನೆ. ಹಣ ಕ್ರೆಡಿಟ್ ಕಾರ್ಡಿನಿಂದ ತಾನಾಗಿಯೇ ಕಡಿತ.

ಹೆಚ್ಚಿನ ದಿನಗಳಲ್ಲಿ ಇದು ನಿಜಕ್ಕೂ ಲಾಭದ ವ್ಯವಹಾರವಾಗಿತ್ತು. ಸಗಟು ಬೆಲೆ ಸಾಮಾನ್ಯವಾಗಿ ಎರಡು ಮೂರು ಸೆಂಟಿನ ಆಸುಪಾಸು ಇರುತ್ತಿತ್ತು. ಪಶ್ಚಿಮ ಟೆಕ್ಸಸ್ಸಿನ ಗಾಳಿಯಂತ್ರಗಳು ರಾತ್ರಿ ಜೋರಾಗಿ ತಿರುಗಿದಾಗ ಸೊನ್ನೆಗಿಂತ ಕೆಳಗೂ ಇಳಿಯುತ್ತಿತ್ತು. ಒಂದು ಅಂದಾಜು ಹಾಕಿ ನೋಡಿ. ತಿಂಗಳಿಗೆ 1,200 ಯೂನಿಟ್ ಸುಡುವ ಮನೆ, ಮಾಮೂಲಿ ಯೋಜನೆಯಲ್ಲಿ ಎಲ್ಲ ಸೇರಿ ಯೂನಿಟ್‌ಗೆ 12 ಸೆಂಟ್ ಆದರೆ ಬಿಲ್ಲು 144 ಡಾಲರ್. ಸಗಟು ಬೆಲೆ 3 ಸೆಂಟ್, ತಂತಿ ಬಾಡಿಗೆ 4 ಸೆಂಟ್, ಮೇಲೆ ಶುಲ್ಕ ಎಂದು ಹಿಡಿದರೆ 94 ಡಾಲರ್. ತಿಂಗಳಿಗೆ 50, ವರ್ಷಕ್ಕೆ 600 ಡಾಲರ್ ಉಳಿತಾಯ. ಇದನ್ನು ಆರಿಸಿಕೊಂಡವರನ್ನು ದುರಾಸೆಯವರು ಎಂದು ಆಮೇಲೆ ಬಹಳ ಜನ ಬೈದರು. ನನಗೆ ಆ ಮಾತು ಸಲ್ಲದು. ಸಂತೆಯಲ್ಲಿ ಸೊಪ್ಪು ಅಗ್ಗವಾದ ಹೊತ್ತು ನೋಡಿ ಕೊಳ್ಳುವ ಗೃಹಿಣಿಯಂತೆ, ಬಟ್ಟೆ ಒಗೆಯುವ ಯಂತ್ರವನ್ನು ರಾತ್ರಿ ಹನ್ನೊಂದಕ್ಕೆ ಹಾಕಿದವರು ಅವರು. ವಿದ್ಯುತ್ ಜಾಲಕ್ಕೆ ಬೇಕಾದದ್ದೂ ಅಂಥ ಗ್ರಾಹಕರೇ.

ಎಚ್ಚರಿಕೆ ಮೊದಲೇ ಸಿಕ್ಕಿರಲಿಲ್ಲ ಎನ್ನಲಾಗದು. 2019ರ ಆಗಸ್ಟಿನ ಸೆಕೆಯಲ್ಲಿ ಎರಡು ಮಧ್ಯಾಹ್ನ ಬೆಲೆ ಇದೇ 9 ಡಾಲರಿನ ಮಿತಿ ಮುಟ್ಟಿತ್ತು. ಆದರೆ ಅದು ಸ್ವಲ್ಪ ಹೊತ್ತಿನ ಮಾತು. ಏಸಿ ಆರಿಸಿ ಮಾಲಿನಲ್ಲಿ ಎರಡು ಗಂಟೆ ಕುಳಿತು ಬಂದರೆ ಮುಗಿಯಿತು. ಕ್ಷಣದ ಬೆಲೆ ಎಂಬ ಏರ್ಪಾಡು ಕೆಲಸ ಮಾಡುವುದು ಇಂಥಲ್ಲಿ. ಇವತ್ತಿನ ಕೆಲಸವನ್ನು ಎರಡು ಗಂಟೆ ಮುಂದೂಡಬಹುದಾದರೆ ಬೆಲೆ ನೋಡಿ ಮುಂದೂಡುತ್ತೇವೆ. ನಾಲ್ಕು ದಿನ ಮುಂದೂಡಲಾಗದ ಕೆಲಸ ಎದುರಾದಾಗ ಏನಾಗುತ್ತದೆ ಎಂಬುದನ್ನು 2019 ತೋರಿಸಿರಲಿಲ್ಲ.

ಆ ವಾರ

ಫೆಬ್ರವರಿ 14ರ ಸಂಜೆ ಏಳರ ಹೊತ್ತಿಗೆ ಟೆಕ್ಸಸ್ಸಿನ ಬೇಡಿಕೆ 69,222 ಮೆಗಾವ್ಯಾಟ್ ಮುಟ್ಟಿತು. ಚಳಿಗಾಲದಲ್ಲಿ ಅಲ್ಲಿಯವರೆಗೆ ಕಾಣದ ಸಂಖ್ಯೆ. ಆ ರಾಜ್ಯದ ಅರ್ಧಕ್ಕಿಂತ ಹೆಚ್ಚು ಮನೆಗಳು ಬೆಚ್ಚಗಾಗುವುದೇ ಕರೆಂಟಿನಿಂದ. ಹಿಮಗಾಳಿ ರಾಜ್ಯವನ್ನಿಡೀ ಆವರಿಸಿತ್ತು. ಗ್ಯಾಸಿನ ಬಾವಿಗಳು ಹೆಪ್ಪುಗಟ್ಟಿದವು, ಕೊಳವೆಗಳಲ್ಲಿ ಒತ್ತಡ ಬಿದ್ದುಹೋಯಿತು, ಸ್ಥಾವರಗಳ ಉಪಕರಣಗಳು ಮರಗಟ್ಟಿದವು, ಗಾಳಿಯಂತ್ರಗಳ ರೆಕ್ಕೆಗಳ ಮೇಲೆ ಹಿಮ ಕೂತಿತು. ಟೆಕ್ಸಸ್ಸಿನ ಗ್ರಿಡ್ಡು ಪಕ್ಕದ ರಾಜ್ಯಗಳ ಗ್ರಿಡ್ಡುಗಳಿಂದ ಬಹುತೇಕ ಪ್ರತ್ಯೇಕವಾಗಿ ನಿಂತಿರುವುದರಿಂದ ನೆರೆಯಿಂದ ಎರವಲು ತರುವ ದಾರಿಯೂ ಕಿರಿದು.

15ರ ನಸುಕಿನ 1:55ಕ್ಕೆ ಗ್ರಿಡ್ಡಿನ ಫ್ರೀಕ್ವೆನ್ಸಿ, ಅಂದರೆ ಕರೆಂಟಿನ ಮಿಡಿತದ ವೇಗ, 59.302 ಹರ್ಟ್ಸ್‌ಗೆ ಇಳಿಯಿತು. ಇರಬೇಕಾದದ್ದು 60. 59.4ಕ್ಕಿಂತ ಕೆಳಗೆ ಒಂಬತ್ತು ನಿಮಿಷ ಉಳಿದರೆ ಸ್ಥಾವರಗಳು ತಮ್ಮ ರಕ್ಷಣೆಗೆ ಒಂದೊಂದಾಗಿ ಕಳಚಿಕೊಂಡು ಇಡೀ ರಾಜ್ಯ ಕತ್ತಲಾಗುತ್ತಿತ್ತು. ಅದು ಕೆಳಗೆ ಉಳಿದದ್ದು 4 ನಿಮಿಷ 23 ಸೆಕೆಂಡು. ಗ್ರಿಡ್ ಉಳಿಸಲು ಎರ್ಕಾಟ್ ಫೀಡರುಗಳನ್ನು, ಅಂದರೆ ಒಂದೊಂದು ಪ್ರದೇಶಕ್ಕೆ ಕರೆಂಟು ಒಯ್ಯುವ ತಂತಿಸಾಲುಗಳನ್ನು, ಕಡಿತಗೊಳಿಸಲು ಹೇಳುತ್ತಾ ಹೋಯಿತು. ಕಡಿತ ಏರಿ ಏರಿ 20,000 ಮೆಗಾವ್ಯಾಟಿಗೆ ಹೋಯಿತು. 45 ಲಕ್ಷಕ್ಕೂ ಹೆಚ್ಚು ಮನೆ ಮಳಿಗೆಗಳಿಗೆ ಕರೆಂಟು ಹೋಯಿತು. ಸರದಿಯಂತೆ ಗಂಟೆಗೊಮ್ಮೆ ಬಿಟ್ಟು ಕೊಡುತ್ತೇವೆ ಎಂದದ್ದು ಹಲವು ಕಡೆ ದಿನಗಟ್ಟಲೆಯ ಕತ್ತಲಾಯಿತು. ರಾಜ್ಯದ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಸತ್ತವರು 246 ಮಂದಿ.

ನನ್ನ ತಂಗಿಯ ಮನೆ ಡಲ್ಲಾಸಿನ ಪಕ್ಕದ ಊರಿನಲ್ಲಿದೆ. ಅವಳ ಸಾಲಿನ ಮನೆಗಳಿಗೆ ಕರೆಂಟು ಹೋಗಲಿಲ್ಲ, ರಸ್ತೆಯ ಆಚೆ ಬದಿಗೆ ಮೂರು ದಿನ ಬರಲಿಲ್ಲ. ಬಹುಶಃ ಇವರ ಫೀಡರಿನಲ್ಲಿ ಆಸ್ಪತ್ರೆಯೋ ಮತ್ತೊಂದೋ ಇದ್ದಿರಬೇಕು. ವಿಡಿಯೋ ಕರೆ ಮಾಡಿದಾಗ ಅವಳ ಹಾಲಿನಲ್ಲಿ ಎದುರು ಮನೆಯವರು ನಾಲ್ವರು ರಜಾಯಿ ಹೊದ್ದು ಕೂತಿದ್ದರು, ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಸಾರು. "ಅಣ್ಣಾ, ಹೀಟರು 68 ಫ್ಯಾರನ್‌ಹೀಟಿಗೆ ಇಳಿಸಿ ಅಂತ ಕೇಳ್ಕೊಂಡಿದ್ರು, ಇಳಿಸಿದೀನಿ. ಆದ್ರೆ ಆ ಮಗೂಗೆ ಕೆಮ್ಮು, ಇನ್ನೂ ಇಳಿಸಕ್ಕೆ ಮನಸ್ಸು ಬರ್ತಿಲ್ಲ" ಎಂದಳು. ಅವಳದು ನಿಗದಿ ದರದ ಯೋಜನೆ. ತಿಂಗಳ ಕೊನೆಯ ಬಿಲ್ಲು ಹಿಂದಿನ ಚಳಿಗಾಲಕ್ಕಿಂತ ಸ್ವಲ್ಪ ಹೆಚ್ಚು ಬಂತು ಅಷ್ಟೇ. ಅದೇ ಹೀಟರು, ಅದೇ ಮಗು, ಅದೇ ಕೆಮ್ಮು ಗ್ರಿಡ್ಡಿಯ ಗ್ರಾಹಕರ ಮನೆಯಲ್ಲಿದ್ದಿದ್ದರೆ ಲೆಕ್ಕ ಹೇಗಿರುತ್ತಿತ್ತು? ಕರೆಂಟಿನಿಂದ ಬೆಚ್ಚಗಾಗುವ ದೊಡ್ಡ ಮನೆ ಅಂಥ ಚಳಿಯಲ್ಲಿ ದಿನಕ್ಕೆ 100 ಯೂನಿಟ್ ಸುಡುವುದು ಅಪರೂಪವಲ್ಲ. 9 ಡಾಲರಿನಂತೆ 900. ನಾಲ್ಕು ದಿನಕ್ಕೆ 3,600. ಮೇಲೆ ಹೇಳಿದ ವರ್ಷದ ಉಳಿತಾಯವೆಲ್ಲ ಒಂದೇ ಹಗಲು ರಾತ್ರಿಯಲ್ಲಿ ಕರಗಿತು. ಒಬ್ಬರ ಬಿಲ್ಲು 16,000 ಡಾಲರ್ ದಾಟಿದ ಸುದ್ದಿ ಅಲ್ಲಿನ ಪತ್ರಿಕೆಗಳಲ್ಲಿ ಬಂತು. ಕಾರ್ಡಿನಿಂದ ದಿನಕ್ಕೆ ಹಲವು ಬಾರಿ ಹಣ ಹೋಗುತ್ತಿದ್ದುದನ್ನು ಜನ ಫೋನಿನಲ್ಲೇ ನೋಡಬೇಕಾಯಿತು.

ಹಿಮಗಾಳಿ ಬರುವ ಮುಂಚೆ, ವಾರಾಂತ್ಯದಲ್ಲಿ, ಗ್ರಿಡ್ಡಿ ತನ್ನ ಗ್ರಾಹಕರಿಗೆ ಒಂದು ವಿಚಿತ್ರ ಸಂದೇಶ ಕಳಿಸಿತ್ತು: ನಮ್ಮನ್ನು ಬಿಟ್ಟು ಬೇರೆ ಕಂಪನಿಗೆ ಹೋಗಿ. ಅಂಗಡಿಯವನೇ ನನ್ನಲ್ಲಿ ಕೊಳ್ಳಬೇಡಿ ಎಂದ ಹಾಗೆ. ಆದರೆ ಸೋಮವಾರ ಸರ್ಕಾರಿ ರಜೆ. ಕಂಪನಿ ಬದಲಾವಣೆಗೆ ದಿನಗಳು ಹಿಡಿಯುತ್ತಿದ್ದವು, ಹಲವು ಕಂಪನಿಗಳು ಆ ವಾರ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದ್ದವು. ಬೆಂಕಿ ಬಿದ್ದ ಮೇಲೆ ವಿಮೆ ಮಾಡಿಸಿಕೊಳ್ಳಲು ಹೋದರೆ ಯಾರು ಮಾಡುತ್ತಾರೆ?

ಬೆಲೆ ಹೇಳಿದ್ದು ಮಾರುಕಟ್ಟೆಯಲ್ಲ

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿಗೆ ಈಗ ಬರುತ್ತೇನೆ. 15ನೇ ತಾರೀಖು ಲೋಡ್ ಶೆಡ್ಡಿಂಗ್ ನಡೆಯುತ್ತಿದ್ದಾಗಲೇ ಎರ್ಕಾಟಿನ ಕಂಪ್ಯೂಟರು ಲೆಕ್ಕ ಹಾಕಿದ ಬೆಲೆ ಒಂದು ಹೊತ್ತಿನಲ್ಲಿ ಮೆಗಾವ್ಯಾಟ್ ಗಂಟೆಗೆ ಸುಮಾರು 1,200 ಡಾಲರಿಗೆ ಇಳಿದಿತ್ತು. ಅಂದರೆ ಯೂನಿಟ್‌ಗೆ 1.20 ಡಾಲರ್. ಕಾರಣ ಸರಳ. ಲಕ್ಷಾಂತರ ಮನೆಗಳನ್ನು ಕಡಿದುಹಾಕಿದ ಮೇಲೆ ಉಳಿದ ಬೇಡಿಕೆಗೆ ಉತ್ಪಾದನೆ ಸಾಲುತ್ತಿತ್ತು. ಕಡಿದುಹಾಕಿದವರ ಬೇಡಿಕೆ ಕಂಪ್ಯೂಟರಿನ ಲೆಕ್ಕಕ್ಕೇ ಸಿಗಲಿಲ್ಲ. ರಾಜ್ಯದ ಸಾರ್ವಜನಿಕ ಸೇವಾ ಆಯೋಗ ಅಂದೇ ಸಭೆ ಸೇರಿ, ಕೊರತೆ ಇರುವಾಗ ಬೆಲೆ ಕೊರತೆಯನ್ನು ತೋರಿಸಬೇಕು ಎಂದು ಆದೇಶ ಹೊರಡಿಸಿತು. ಬೆಲೆಯನ್ನು ಗರಿಷ್ಠ ಮಿತಿಯಾದ 9,000 ಡಾಲರಿಗೆ, ಅಂದರೆ ಯೂನಿಟ್‌ಗೆ 9 ಡಾಲರಿಗೆ, ಏರಿಸಿ ಅಲ್ಲೇ ನಿಲ್ಲಿಸಲಾಯಿತು.

ಇನ್ನಷ್ಟು ಸ್ಥಾವರಗಳು ಓಡಿಬರಲಿ, ದೊಡ್ಡ ಕಾರ್ಖಾನೆಗಳು ಯಂತ್ರ ನಿಲ್ಲಿಸಲಿ ಎಂಬುದು ಆದೇಶದ ಉದ್ದೇಶ. ಕಾರ್ಖಾನೆಗಳ ಮಟ್ಟಿಗೆ ಅದರಲ್ಲಿ ಅರ್ಥವಿದೆ. ಆದರೆ ಗ್ಯಾಸೇ ಇಲ್ಲದ ಸ್ಥಾವರಕ್ಕೆ ಬೆಲೆ ಎಷ್ಟು ಕೊಟ್ಟರೇನು? 17ರ ಮಧ್ಯರಾತ್ರಿಯ ಹೊತ್ತಿಗೆ ಲೋಡ್ ಶೆಡ್ಡಿಂಗ್ ಆದೇಶ ಹಿಂದಕ್ಕೆ ಪಡೆದರು. ಬೆಲೆ ಮಾತ್ರ 19ರ ಬೆಳಗಿನವರೆಗೆ, ಇನ್ನೂ 32 ಗಂಟೆ, ಅದೇ 9,000ದಲ್ಲಿ ಕೂತಿತ್ತು. ಮಾರುಕಟ್ಟೆಯ ಮೇಲೆ ಕಣ್ಣಿಡಲು ನೇಮಿಸಿದ್ದ ಸ್ವತಂತ್ರ ಸಂಸ್ಥೆ, ಆ ಗಂಟೆಗಳಲ್ಲಿ 1,600 ಕೋಟಿ ಡಾಲರ್ ಹೆಚ್ಚಿಗೆ ಲೆಕ್ಕವಾಗಿದೆ ಎಂದು ವರದಿ ಕೊಟ್ಟಿತು. ಆಯೋಗ ಬೆಲೆ ತಿದ್ದಲು ಒಪ್ಪಲಿಲ್ಲ. ವ್ಯಾಜ್ಯ ಮೇಲಕ್ಕೆ ಹೋಗಿ, 2024ರ ಜೂನ್‌ನಲ್ಲಿ ಟೆಕ್ಸಸ್ಸಿನ ಸುಪ್ರೀಂ ಕೋರ್ಟ್ ಆಯೋಗದ ಆದೇಶ ಕಾನೂನಿನ ಚೌಕಟ್ಟಿನೊಳಗೇ ಇದೆ ಎಂದು ತೀರ್ಪು ಕೊಟ್ಟಿತು.

ಈಗ ಗ್ರಿಡ್ಡಿಯ 29,000 ಗ್ರಾಹಕರನ್ನು ಈ ಚಿತ್ರದೊಳಗೆ ಇಟ್ಟು ನೋಡಿ. ಮನೆಗೆ 5 ಕಿಲೋವ್ಯಾಟ್ ಎಂದು ಹಿಡಿದು, ಅಷ್ಟೂ ಮನೆಯವರು ಮೇನ್ ಸ್ವಿಚ್ಚನ್ನೇ ಆರಿಸಿದ್ದರೂ ಉಳಿಯುತ್ತಿದ್ದದ್ದು 145 ಮೆಗಾವ್ಯಾಟ್. ಕೊರತೆ 20,000. ನೂರಕ್ಕೆ ಒಂದು ಪಾಲೂ ಅಲ್ಲ. ಕೋಟಿಗಟ್ಟಲೆ ಜನರಿಗೆ ಬೆಲೆಯ ಸುದ್ದಿಯೇ ತಲುಪದಿದ್ದಾಗ, ಬೆರಳೆಣಿಕೆಯ ಮನೆಗಳಿಗೆ ಅದನ್ನು ಪೂರ್ತಿ ತಲುಪಿಸಿದರೆ ವಿದ್ಯುತ್ ಜಾಲಕ್ಕೆ ಕಿಂಚಿತ್ತೂ ಸಹಾಯವಾಗದು, ಆ ಮನೆಗಳಿಗೆ ಮಾತ್ರ ಪೆಟ್ಟು. ಎಲ್ಲ ಮನೆಗಳೂ ಸ್ವಲ್ಪ ಸ್ವಲ್ಪ ಇಳಿಸಿದ್ದರೆ ಕತ್ತಲಾದ ಬೀದಿಗಳಲ್ಲಿ ಎಷ್ಟೋ ಉಳಿಯುತ್ತಿದ್ದವು. ಸ್ಮಾರ್ಟ್ ಮೀಟರು ಬಹುತೇಕ ಎಲ್ಲರ ಮನೆಯಲ್ಲೂ ಇತ್ತು! ನನ್ನ ತಂಗಿಯ ಮನೆಯ ಗೋಡೆಯ ಮೇಲೂ ಇತ್ತು. ಅವಳಿಗೆ ಅದು ಹೇಳಿದ್ದು ಏನೂ ಇಲ್ಲ, ರಸ್ತೆಯ ಆಚೆಯವರಿಗೆ ಕತ್ತಲಲ್ಲಿ ಅದು ಇದ್ದೂ ಇಲ್ಲದಂತೆ. ಕಡಿತ ನಡೆದದ್ದು ಐವತ್ತು ವರ್ಷದ ಹಿಂದಿನ ಹಾಗೆ, ಫೀಡರಿನ ಸ್ವಿಚ್ಚು ಎಳೆದು.

ಆಮೇಲೆ

ಎರ್ಕಾಟಿಗೆ ಕಟ್ಟಬೇಕಾದ ಹಣ ಕಟ್ಟಲಾಗದೆ ಗ್ರಿಡ್ಡಿ ಫೆಬ್ರವರಿ 26ಕ್ಕೆ ಮಾರುಕಟ್ಟೆಯಿಂದ ಹೊರಬಿತ್ತು. ಗ್ರಾಹಕರನ್ನು ಬೇರೆ ಕಂಪನಿಗಳಿಗೆ ಹಂಚಿದರು. ಮಾರ್ಚ್ 1ಕ್ಕೆ ರಾಜ್ಯದ ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್‌ಟನ್ ದಾವೆ ಹೂಡಿದರು, 15ಕ್ಕೆ ಕಂಪನಿ ದಿವಾಳಿ ಅರ್ಜಿ ಹಾಕಿತು. ಕೊನೆಗೆ ಸುಮಾರು 24,000 ಗ್ರಾಹಕರ 2.9 ಕೋಟಿ ಡಾಲರ್ ಬಾಕಿ ಮನ್ನಾ ಆಯಿತು. ಅದೇ ವರ್ಷ ಶಾಸನಸಭೆ ಹೌಸ್ ಬಿಲ್ 16 ಎಂಬ ಕಾನೂನು ತಂದು, ಸಗಟು ಬೆಲೆಗೆ ನೇರ ಕಟ್ಟಿದ ಯೋಜನೆಗಳನ್ನು ಮನೆಗಳಿಗೂ ಸಣ್ಣ ಮಳಿಗೆಗಳಿಗೂ ಮಾರಕೂಡದು ಎಂದಿತು. 2022ರಿಂದ ಸಗಟು ಬೆಲೆಯ ಗರಿಷ್ಠ ಮಿತಿಯನ್ನು 9,000ದಿಂದ 5,000 ಡಾಲರಿಗೆ ಇಳಿಸಿದರು.

ನಿಷೇಧ ಅರ್ಥವಾಗುತ್ತದೆ. ಅಂಥ ವಾರದ ನಂತರ ಯಾವ ಶಾಸಕನೂ ಬೇರೆ ಮಾತು ಆಡಲಾರ. ಆದರೂ ಅದು ಕಾಯಿಲೆಗೆ ತಕ್ಕ ಮದ್ದಲ್ಲ ಎಂದೇ ನನ್ನ ಅಭಿಪ್ರಾಯ. ಕೆಟ್ಟಿದ್ದು ಬೆಲೆ ಗಳಿಗೆಗೊಮ್ಮೆ ಬದಲಾದದ್ದರಿಂದಲ್ಲ, ಮನೆಯ ಅಷ್ಟೂ ಯೂನಿಟ್ಟು ಆ ಬೆಲೆಗೆ ಸಿಕ್ಕಿಹಾಕಿಕೊಂಡದ್ದರಿಂದ.

ಬೇರೆ ದಾರಿ ಇತ್ತೇ? ಇತ್ತು, ಹೊಸದೂ ಅಲ್ಲ. ಜಾರ್ಜಿಯಾ ರಾಜ್ಯದ ವಿದ್ಯುತ್ ಕಂಪನಿಯೊಂದು ದೊಡ್ಡ ಕೈಗಾರಿಕೆಗಳಿಗೆ ದಶಕಗಳಿಂದ ಹೀಗೆ ಮಾಡುತ್ತಿದೆ: ಗ್ರಾಹಕರ ಮಾಮೂಲಿ ಬಳಕೆಯನ್ನು ಆಧಾರವಾಗಿ ಹಿಡಿದು, ಅಷ್ಟಕ್ಕೆ ಮಾಮೂಲಿ ದರ. ಅದಕ್ಕಿಂತ ಹೆಚ್ಚಿಗೆ ಬಳಸಿದರೆ ಹೆಚ್ಚಿದ ಭಾಗಕ್ಕೆ ಆ ಗಂಟೆಯ ಬೆಲೆ, ಕಡಿಮೆ ಬಳಸಿದರೆ ಉಳಿಸಿದ ಭಾಗಕ್ಕೆ ಆ ಗಂಟೆಯ ಬೆಲೆಯನ್ನು ಗ್ರಾಹಕರಿಗೇ ಕೊಡುವುದು. ಇದನ್ನು ಆ ಫೆಬ್ರವರಿಯ ಮನೆಗೆ ಹಾಕಿ ನೋಡಿ. ದಿನಕ್ಕೆ 40 ಯೂನಿಟ್ ಆಧಾರ ಇದ್ದವರು ಒಂದೇ ಕೋಣೆಯಲ್ಲಿ ಎಲ್ಲರೂ ಮಲಗಿ 20ಕ್ಕೆ ಇಳಿಸಿದ್ದರೆ ದಿನಕ್ಕೆ 180 ಡಾಲರ್ ಅವರ ಖಾತೆಗೆ. ಇಂಥ ಆಸೆ ತೋರಿಸಿದರೆ ಎಷ್ಟು ಜನ ಸ್ವಿಚ್ಚು ಆರಿಸುತ್ತಿದ್ದರು! ಆದರೆ ಇದರಲ್ಲೂ ಒಂದು ತೂತಿದೆ, ಮುಚ್ಚಿಡಬಾರದು. ಚಳಿಗೆ ಹೀಟರು ಬಿಡುವಿಲ್ಲದೆ ಓಡಿ ಬಳಕೆ 100ಕ್ಕೆ ಹೋದರೆ ಹೆಚ್ಚಿನ 60 ಯೂನಿಟ್‌ಗೆ ದಿನಕ್ಕೆ 540 ಡಾಲರ್ ಬೀಳುತ್ತದೆ. ಹಾಗಾಗಿ ಮನೆಗಳಿಗೆ ತರುವಾಗ ಆಧಾರದ ಜತೆಗೆ ಮನೆಗೆಂದೇ ಪ್ರತ್ಯೇಕ ಬೆಲೆ ಮಿತಿಯೂ ಬೇಕು. ಗ್ರಿಡ್ಡಿನ 9 ಡಾಲರ್ ಕಾರ್ಖಾನೆಗಿರಲಿ, ಮನೆಗೆ ಅರ್ಧ ಡಾಲರ್ ಸಾಕು. ಹೀಟರು ಇಳಿಸಲು ಅಷ್ಟು ಚುರುಕು ಮುಟ್ಟಿದರೆ ಸಾಕಾಗುತ್ತದೆ.

ಸ್ಪೇನ್ ಇನ್ನೊಂದು ದಾರಿ ಹಿಡಿದಿದೆ. ಅಲ್ಲಿ 2015ರಿಂದ ಲಕ್ಷಾಂತರ ಮನೆಗಳ ದರ ಗಂಟೆಗಂಟೆಗೆ ಬದಲಾಗುತ್ತದೆ. 2021ರ ನಂತರ ಗ್ಯಾಸಿನ ಬೆಲೆ ಏರಿ ಬಿಲ್ಲುಗಳು ಕುದಿಯತೊಡಗಿದಾಗ ಅವರು ಯೋಜನೆಯನ್ನು ಕಿತ್ತುಹಾಕಲಿಲ್ಲ. ಮೊದಲೇ ಗೊತ್ತುಮಾಡಿದ ಮುಂಗಡ ಬೆಲೆಯನ್ನು ಅದರಲ್ಲಿ ಬೆರೆಸಿದರು: 2024ಕ್ಕೆ ಶೇ 25, 2025ಕ್ಕೆ ಶೇ 40, 2026ಕ್ಕೆ ಶೇ 55. ಗಂಟೆಯ ಏರಿಳಿತ ಉಳಿಯಿತು, ಅದರ ಹಲ್ಲು ಮೊಂಡಾಯಿತು.

ನಮ್ಮ ಗೋಡೆಯ ಮೇಲಿನ ಮೀಟರು

2025ರ ಫೆಬ್ರವರಿಯಿಂದ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿತು. ಅಲ್ಲಿಂದಾಚೆ ನಡೆದ ಜಗಳವೆಲ್ಲ ಬಹುಪಾಲು ಮೀಟರಿನ ಬೆಲೆಯ ಸುತ್ತ. ಅದು ಒಮ್ಮೆ ಕೊಡುವ ದುಡ್ಡು, ಆ ಜಗಳವೂ ಬೇಕಾದದ್ದೇ. ಮೀಟರಿನ ಹಿಂದೆ ಬರುವ ದರಪಟ್ಟಿಯ ಬಗ್ಗೆ ಮಾತ್ರ ಅಷ್ಟು ಚರ್ಚೆ ಕಾಣುತ್ತಿಲ್ಲ. ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ತಿದ್ದಿದ ನಿಯಮದ ಪ್ರಕಾರ, ಕೃಷಿ ಬಿಟ್ಟು ಉಳಿದ ಗ್ರಾಹಕರಿಗೆ 2025ರ ಏಪ್ರಿಲ್‌ನಿಂದ ಹೊತ್ತಿಗೆ ತಕ್ಕ ದರ ಬರಬೇಕು, ಸ್ಮಾರ್ಟ್ ಮೀಟರು ಕೂತ ಕೂಡಲೇ ಅದು ಜಾರಿಯಾಗಬೇಕು. ಬಿಸಿಲಿನ ಹೊತ್ತು ಮಾಮೂಲಿ ದರಕ್ಕಿಂತ ಕನಿಷ್ಠ ಶೇ 20 ಕಡಿಮೆ, ಬೇಡಿಕೆಯ ಹೊತ್ತು ಮನೆಗಳಿಗೆ ಕನಿಷ್ಠ ಶೇ 10 ಹೆಚ್ಚು. ಪಾವಗಡದಂಥ ಸೌರ ಪಾರ್ಕುಗಳ ನಾಡಿನಲ್ಲಿ ಮಧ್ಯಾಹ್ನದ ಕರೆಂಟು ಅಗ್ಗವಾಗುವುದು ಸಹಜ ನ್ಯಾಯ.

ಇದು ಟೆಕ್ಸಸ್ಸಿನ ಹಾಗೆ ಗಳಿಗೆಯ ಬೆಲೆಯಲ್ಲ, ಮುಂಚೆಯೇ ಅಚ್ಚಾದ ದರಪಟ್ಟಿ. ಸಗಟು ಕರೆಂಟನ್ನು ಮಾರುವ ಕೊಳ್ಳುವ ನಮ್ಮ ವಿದ್ಯುತ್ ವಿನಿಮಯ ಕೇಂದ್ರಗಳಲ್ಲೂ ದಿನಕ್ಕೆ 96 ತುಂಡುಗಳ ವ್ಯಾಪಾರವೇ ನಡೆಯುತ್ತದೆ. ಆದರೆ ಅಲ್ಲಿ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ 2023ರ ಏಪ್ರಿಲ್‌ನಲ್ಲಿ ಯೂನಿಟ್‌ಗೆ 10 ರೂಪಾಯಿಯ ಮಿತಿ ಹಾಕಿತು. 650 ಎಲ್ಲಿ, 10 ಎಲ್ಲಿ. ಟೆಕ್ಸಸ್ಸಿನ ಬಿಲ್ಲು ತೋರಿಸಿ ನಮ್ಮವರನ್ನು ಹೆದರಿಸುವುದು ತಪ್ಪು ಎನ್ನುವುದು ಇದಕ್ಕೇ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು ಬರುವ ಮನೆಗೆ ಶೇ 10 ಏರಿದರೂ ಇಳಿದರೂ ಸೊನ್ನೆ ಸೊನ್ನೆಯೇ.

ಆದರೆ ಮೀಟರು ಒಮ್ಮೆ ಕೂತರೆ ಹಲವು ವರ್ಷ ಇರುವಂಥದ್ದು, ದರಪಟ್ಟಿ ವರ್ಷಕ್ಕೊಮ್ಮೆ ಬದಲಾಗುವಂಥದ್ದು. ರಾಜ್ಯದಲ್ಲಿ ಕರೆಂಟಿನ ದರ ನಿಗದಿ ಮಾಡುವ ಆಯೋಗವಾದ ಕೆಇಆರ್‌ಸಿ ದರ ಪರಿಷ್ಕರಣೆಯ ಸಾರ್ವಜನಿಕ ವಿಚಾರಣೆ ನಡೆಸುವಾಗ ಆಕ್ಷೇಪಣೆ ಸಲ್ಲಿಸಲು ಯಾರಿಗೂ ಅವಕಾಶವಿದೆ. ನಾನು ಬರೆದುಕೊಡುವುದು ಮೂರು ಸಾಲು. ಮನೆಯ ಗ್ರಾಹಕರಿಗೆ ಯಾವ ಹೊತ್ತಿನಲ್ಲೂ ದಾಟಬಾರದ ಒಂದು ಯೂನಿಟ್ ಬೆಲೆ ಆದೇಶದಲ್ಲೇ ಅಚ್ಚಾಗಿರಲಿ. ಹೊತ್ತಿನ ದರ ಒಗ್ಗದವರು ಒಂದೇ ದಿನದಲ್ಲಿ ಹಳೆಯ ದರಕ್ಕೆ ಮರಳುವಂತಿರಲಿ. ಬರಗಾಲದಲ್ಲಿ ಜಲಾಶಯಗಳು ಬತ್ತಿ ಕರೆಂಟು ಕೊರತೆಯಾದಾಗ ಇಡೀ ಫೀಡರ್ ಕಡಿಯುವ ಬದಲು, ಇದೇ ಮೀಟರಿನ ಮೂಲಕ ಪ್ರತಿ ಮನೆಗೂ ಒಂದು ಫ್ಯಾನು, ಎರಡು ದೀಪ, ಒಂದು ಫ್ರಿಜ್ಜಿನಷ್ಟು ಕರೆಂಟು ಉಳಿಸಿಕೊಡುವ ಏರ್ಪಾಡಿಗೆ ಬೆಸ್ಕಾಂನಂಥ ಕರೆಂಟು ವಿತರಣಾ ಕಂಪನಿಗಳು, ಅಂದರೆ ಎಸ್ಕಾಂಗಳು, ಯೋಜನೆ ಮಾಡಲಿ.